ನಿಂತಾಗ ಸೋರುವ ಸ್ಕೂಟರ್

ಐಲೆ ಹಿಮದ ಮೇಲೆ ಓಡಿಸುವ ಹಳೆಯ ಸ್ಕೂಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಳು. ಒಣಗಿತ್ತು, ಬಿಸ್ಕತ್ತಿನ ಬಣ್ಣ. ಇನ್ನೊಂದನ್ನೂ ಬಿಚ್ಚಿದಳು. ಅದೂ ಹಾಗೆಯೇ ಇತ್ತು.

ಹಿಂದೆ ಮನೆಯ ಬಾಗಿಲು ತೆರೆದುಕೊಂಡಿತು. ಕಾಫಿಯ ವಾಸನೆಯ ಜೊತೆಗೆ ಕ್ಲೆಮೆತ್ ಹೊರಬಂದ. ಹಬ್ಬಕ್ಕೂ ಸಾವಿಗೂ ತೊಡುವ ಕೆಂಪಂಚಿನ ನೀಲಿ ಅಂಗಿ ತೊಟ್ಟು, ಬೆಳ್ಳಿಗುಂಡಿಯ ನಡುಪಟ್ಟಿ ಬಿಗಿದಿದ್ದ. ಸತ್ತಿದ್ದವಳು ಅವನ ಅಕ್ಕ ರವ್ನಾ.

"ಒಳಗೆ ನಿಮ್ಮತ್ತೆ ಪೆಟ್ಟಿಗೇಲಿ ಮಲಗಿದಾಳೆ. ಸೊಸೆ ಇಲ್ಲಿ ಕೈಯೆಲ್ಲ ಎಣ್ಣೆ ಮಾಡ್ಕೊಂಡು ಕೂತಿದಾಳೆ. ಬಂದೋರು ಏನಂತಾರೆ?"

"ಪ್ಲಗ್ ಒಣಗಿದೆ ಮಾವ. ತಣಿಸೋ ಕೂಲೆಂಟನ್ನ ಎಂಜಿನ್ನು ಕುಡೀತಿಲ್ಲ."

"ಕುಡೀತಿದೆ. ನಾನು ಎರಡು ಸಲ ಗ್ಯಾರೇಜಲ್ಲಿಟ್ಟು ನೋಡಿದೀನಿ. ಕೆಳಗೆ ರಟ್ಟು ಹಾಸಿದ್ದೆ, ಒಂದು ಹನಿ ಬೀಳ್ಲಿಲ್ಲ. ಹೊರಗೆ ಬೀಳ್ದೇ ಕಮ್ಮಿ ಆಗ್ತಿದೆ ಅಂದ್ರೆ ಒಳಗೆ ಗ್ಯಾಸ್ಕೆಟ್ ಹೋಗಿದೆ. ಚರ್ಚಿಗೆ ಹೋಗೋವಾಗ ಹೆಪ್ಪುಗಟ್ಟಿದ ಸರೋವರದ ನಡುವೆ ಎಂಜಿನ್ ಸುಟ್ಟೋದ್ರೆ ಅಕ್ಕನ್ನ ಏನ್ಮಾಡ್ತೀಯ? ಹೊತ್ಕೊಂಡು ಹೋಗ್ತೀಯ?"

"ಹೊತ್ಕೊಂಡೇ ಹೋಗ್ತೀನಿ."

"ನನ್ನ ಹೊಸ ಸ್ಕೂಟರ್ ಇದೆಯಲ್ಲ, ಅದಕ್ಕೇನಾಗಿದೆ?"

"ಅತ್ತೆ ಏನಂದಿದ್ರು, ನಿಮಗೂ ಗೊತ್ತು."

ಅವನಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ರವ್ನಾ ನರ್ಸಿನೆದುರೇ ಹೇಳಿದ್ದಳು: "ಬದುಕಿದ್ದಾಗ ಕ್ಲೆಮೆತ್ ಬೆನ್ನ ಹಿಂದೆ ಕೂತೋಳಲ್ಲ. ಸತ್ತಮೇಲೆ ಅವನ ಹಿಂದೆ ಮಲಗೋದೂ ಇಲ್ಲ. ನನ್ನ ಸ್ಕೂಟರೇ ಎಳೀಲಿ." ನರ್ಸು ನಕ್ಕಿದ್ದಳು. ರವ್ನಾ ನಕ್ಕಿರಲಿಲ್ಲ.

"ಕಾಯಿಲೆಯೋರ ಮಾತು," ಎಂದ ಕ್ಲೆಮೆತ್. "ನೋಡು, ಚರ್ಚಿನ ಗಂಟೆ ಹೊಡೆಯೋದ್ರೊಳಗೆ ಇದನ್ನ ಸರಿ ಮಾಡು. ಇಲ್ಲಾಂದ್ರೆ ಪೆಟ್ಟಿಗೆಯ ಜಾರುಬಂಡಿ ನನ್ನ ಸ್ಕೂಟರಿಗೆ ಕಟ್ತೀನಿ. ಆಮೇಲೆ ಒಂದು ಮಾತಾಡ್ಬಾರ್ದು."

"ಸರಿ."

"ಗ್ಯಾರೇಜಿಗಾದ್ರೂ ತಗೊಂಡ್ಹೋಗಮ್ಮ. ಈ ಚಳೀಲಿ ಬೆರಳು ಉದುರಿಹೋಗುತ್ತೆ."

"ಬೇಡ."

ಯಾಕೆ ಬೇಡವೆಂದಳೋ ಅವಳಿಗೇ ಗೊತ್ತಿರಲಿಲ್ಲ. ಅವನು ಹೇಳಿದ ಎಂಬುದೇ ಸಾಕಾಗಿತ್ತು.

*

ಎಷ್ಟೋ ವರ್ಷಗಳ ಹಿಂದೆ ರವ್ನಾಳ ಗಂಡ ಸತ್ತ ವಸಂತದಲ್ಲಿ, ಹಿಮಸಾರಂಗದ ಹಿಂಡು ಕರಾವಳಿಗೆ ಹೊರಟಾಗ, ಅವಳು ತಮ್ಮನ ಬೆನ್ನ ಹಿಂದೆ ಕೂತು ಬರಲಿ ಎಂದು ಗಂಡಸರು ತೀರ್ಮಾನಿಸಿದ್ದರು. ಕ್ಲೆಮೆತ್ ಸ್ಕೂಟರ್ ತಂದು ಹಿಂದಿನ ಸೀಟು ತಟ್ಟಿದ. ರವ್ನಾ ಸ್ಕೀ ಕಟ್ಟಿಕೊಂಡಳು. ಮಗ ನೀಲಾಸ್‌ನನ್ನು ಜಾರುಬಂಡಿಯಲ್ಲಿ ಕೂರಿಸಿ, ಅದನ್ನು ಒಂದು ಮುದಿ ಸಾರಂಗಕ್ಕೆ ಕಟ್ಟಿ, ಹಿಂಡಿನ ಹಿಂದೆ ನಡೆದೇ ಹೋದಳು. ಮರುವರ್ಷವೂ ಹಾಗೆಯೇ ಹೋದಳು. ಚಳಿಗಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದಳು.

ಆಮೇಲೆ ಕರಾವಳಿಯ ಒಬ್ಬ ಮೀನುಗಾರನ ಅಂಗಳದಲ್ಲಿ ಈ ಸ್ಕೂಟರ್ ಕಂಡಳು. ಆಗಲೇ ಹಳೆಯದು. ಬಾನೆಟ್ ಎತ್ತಿ, ಕೂಲೆಂಟಿನ ಡಬ್ಬಿ ಮೂಸಿ, ಒಂದೊಂದೇ ರಬ್ಬರ್ ಪೈಪನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

"ನಿನ್ನ ಗಂಡ ಬರ್ಲಿ," ಎಂದ ಮೀನುಗಾರ. "ಅವನ ಹತ್ರ ಮಾತಾಡ್ತೀನಿ."

"ಅವನ ಹತ್ರ ಮಾತಾಡ್ಬೇಕಂದ್ರೆ ನೀನು ಮಣ್ಣಿಗಿಳೀಬೇಕು. ನಾನು ಸಾಕಾಗಲ್ವ?"

ಅಲ್ಲಿಂದ ತಾನೇ ಓಡಿಸಿಕೊಂಡು ಬಂದಳು. ಅದರಲ್ಲಿ ಸೌದೆ ತಂದಳು, ಹೆರಲಾರದ ಸಾರಂಗಗಳನ್ನು ತಂದಳು, ಬಸುರಿಯಾಗಿದ್ದ ಪಕ್ಕದ ಮನೆಯವಳನ್ನು ಹೆದ್ದಾರಿಯವರೆಗೆ ಮುಟ್ಟಿಸಿದಳು. ನೀಲಾಸ್ ಮದುವೆಯಾದ ದಿನ ಐಲೆಯನ್ನು ಮನೆಗೆ ಕರೆತಂದದ್ದೂ ಅದರಲ್ಲೇ. ಹಿಂದೆ ಕೂರಿಸಿಕೊಂಡಲ್ಲ. "ನೀನು ಓಡಿಸು," ಎಂದು ಮುಂದಕ್ಕೆ ತಳ್ಳಿ, ತಾನು ಹಿಂದೆ ಕೂತಿದ್ದಳು.

ಈ ಚಳಿಗಾಲ, ಕಾಯಿಲೆ ಬೀಳುವ ಮೊದಲು, ಅಡುಗೆಮನೆಯಲ್ಲಿ ತಮ್ಮನಿಗೆ ಹೇಳಿದಳು: "ಇದು ಓಡುವಾಗ ಸೋರಲ್ಲ ಕಣೋ. ನಿಂತಾಗ ಸೋರುತ್ತೆ."

"ಸೋರ್ತಿರೋದು ಸ್ಕೂಟರಲ್ಲ ಅಕ್ಕ," ಎಂದ ಕ್ಲೆಮೆತ್. "ವಯಸ್ಸಾದ್ಮೇಲೆ ಹೆಂಗಸರಿಗೆ ಹಾಗಾಗುತ್ತೆ."

ಕೂತಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು. ರವ್ನಾ ಅವನ ಕೈಯಿಂದ ಲೋಟ ಕಿತ್ತು, ಬಾಗಿಲು ತೆರೆದು, ಬಿಸಿ ಕಾಫಿಯನ್ನು ಹಿಮಕ್ಕೆ ಸುರಿದು ಬಂದು ಖಾಲಿ ಲೋಟವನ್ನು ಅವನ ಮುಂದಿಟ್ಟಳು.

*

ನಿಂತಾಗ ಸೋರುತ್ತೆ.

ಐಲೆ ಎದ್ದು ಸ್ಕೂಟರಿನ ಸುತ್ತ ಒಂದು ಸುತ್ತು ಬಂದಳು. ರವ್ನಾ ಆಸ್ಪತ್ರೆ ಸೇರಿದಾಗಿನಿಂದ ಅದು ಸೌದೆಮನೆಯ ಪಕ್ಕ ಇದೇ ಜಾಗದಲ್ಲಿ ನಿಂತಿತ್ತು. ಅದರ ಮೇಲೂ ಸುತ್ತಲೂ ಹಿಮ ಬಿದ್ದಿತ್ತು. ಎಲ್ಲರೂ ಎಂಜಿನ್ ನೋಡಿದ್ದರು. ನಿಂತ ಜಾಗವನ್ನು ಯಾರೂ ನೋಡಿರಲಿಲ್ಲ.

ಸಲಿಕೆ ತಂದು ಬದಿಯ ಹಿಮವನ್ನು ಹೋಳು ಹೋಳಾಗಿ ಕೊಯ್ದಳು. ಮೇಲಿನ ಪದರ ಬಿಳಿ. ಅದರ ಕೆಳಗಿನದೂ ಬಿಳಿ. ಹಿಂಬದಿಗೆ ಬಂದಾಗ ಸಲಿಕೆಗೆ ಕೂಲೆಂಟಿನ ಹಸಿರು ಮೆತ್ತಿತು. ಅಂಗೈಯಗಲದ ಕಲೆ ಕೆಳಕೆಳಗೆ ಗಾಢವಾಗುತ್ತ ಇಳಿದಿತ್ತು.

ಸೀಟು ಬಿಚ್ಚಿದಳು. ಕಲೆಯ ನೇರ ಮೇಲೆ, ಎಂಜಿನ್ನಿನಿಂದ ಬಂದ ರಬ್ಬರ್ ಪೈಪು ಹಿಂದಿನ ರೇಡಿಯೇಟರಿಗೆ ಸೇರುವ ಕಡೆ, ಕ್ಲಿಪ್ಪಿನ ಕೆಳಗೆ ಒಂದು ಹನಿ. ನೋಡುತ್ತಿದ್ದಂತೆ ಅದು ದಪ್ಪಗಾಗಿ ಬಿತ್ತು.

ಕ್ಲೆಮೆತ್‌ನ ಹೆಂಡತಿ ಕಿರ್ಸ್ತಿ ಊರ ರೂಢಿಯಂತೆ ಗಿಣ್ಣಿನ ತುಂಡು ಹಾಕಿದ ಕಾಫಿ ತಂದಳು.

"ಸಿಕ್ತೇನೇ?"

"ಚಳಿಗೆ ರಬ್ಬರ್ ಕುಗ್ಗುತ್ತೆ, ಈ ಕ್ಲಿಪ್ಪು ಕುಗ್ಗಲ್ಲ. ಆಗ ಸೋರುತ್ತೆ. ಬೆಚ್ಚಗಾದ್ರೆ ರಬ್ಬರ್ ಹಿಗ್ಗಿ ಮುಚ್ಕೊಳ್ಳುತ್ತೆ. ಮಾವ ಬೆಚ್ಚಗಿರೋ ಗ್ಯಾರೇಜಲ್ಲಿ ಹುಡುಕಿದ್ರು."

"ಬೆರಳು ತಣ್ಣಗಾಗ್ಬಾರ್ದಲ್ಲ! ಮದುವೆಯಾದಾಗಿಂದ ನೋಡ್ತಿದೀನಿ, ಆ ಮನುಷ್ಯ ಏನು ಕಳಕೊಂಡ್ರೂ ಒಲೆ ಪಕ್ಕದಲ್ಲೇ ಹುಡುಕೋದು." ಕಿರ್ಸ್ತಿ ಬಗ್ಗಿ ನೋಡಿದಳು. "ಈಗೇನು ಬೇಕು?"

"ಸ್ಪ್ರಿಂಗ್ ಕ್ಲಿಪ್ಪು. ರಬ್ಬರ್ ಕುಗ್ಗಿದ್ರೆ ಜೊತೆಗೆ ತಾನೂ ಬಿಗಿಯಾಗುತ್ತಲ್ಲ, ಅಂಥದ್ದು."

ಕಿರ್ಸ್ತಿ ಲಂಗ ಎತ್ತಿಕೊಂಡು ಗಂಡನ ಹೊಸ ಸ್ಕೂಟರಿನತ್ತ ಹೋದಳು. ಸಲಕರಣೆಯ ಚೀಲ ತಡಕಾಡಿ ಒಂದು ಕ್ಲಿಪ್ಪು ಹಿಡಿದು ಬಂದಳು.

"ಮಾವನ್ನ ಕೇಳಿದ್ರಾ?"

"ಸಾವಿನ ಮನೇಲಿ ಅದನ್ನೆಲ್ಲ ಕೇಳ್ತಾರೇನೇ?"

ಐಲೆ ಪೈಪಿನ ಗಟ್ಟಿಯಾದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಮೆತ್ತಗಿದ್ದ ಭಾಗವನ್ನು ತುರುಕಿ, ಕ್ಲಿಪ್ಪು ಕೂರಿಸಿದಳು. ಬೆರಳುಗಳ ಅರಿವು ಹೋಗಿತ್ತು. ಡಬ್ಬಿಯ ಕುತ್ತಿಗೆಯವರೆಗೆ ಕೂಲೆಂಟ್ ಹೊಯ್ದು, ಕಾದಳು. ಹನಿ ಬೀಳಲಿಲ್ಲ. ಇನ್ನೂ ಕಾದಳು. ಪ್ಲಗ್ಗುಗಳನ್ನು ಬಿಗಿದು, ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದಳು. ಮೂರನೆಯ ಎಳೆತಕ್ಕೆ ಎಂಜಿನ್ ಕೆಮ್ಮಿ, ನೀಲಿ ಹೊಗೆ ಉಗುಳಿ, ಹಿಡಿದುಕೊಂಡಿತು.

ಆಚೆ ದಡದಲ್ಲಿ ಗಂಟೆ ಹೊಡೆಯತೊಡಗಿತು.

ಹೊರಬಂದ ಕ್ಲೆಮೆತ್ ಹಸಿರು ಕಲೆಯನ್ನು ನೋಡಿದ. ಪೈಪನ್ನು ನೋಡಿದ.

"ಆ ಕ್ಲಿಪ್ಪು ನಂದು."

"ಹೌದು."

"ಆಯ್ತು. ಅಕ್ಕನ ಸ್ಕೂಟರೇ ಎಳೀಲಿ. ಓಡಿಸೋದು ನಾನು."

"ನಾನು."

"ಹೆಂಗಸು ಹೆಣ ಎಳೆದದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ."

"ಇವತ್ತು ನೋಡ್ಲಿ."

ಎರಡು ಚಳಿಗಾಲದ ಹಿಂದೆ ಗಂಡ ನೀಲಾಸ್‌ನ ಪೆಟ್ಟಿಗೆಯನ್ನು ಕ್ಲೆಮೆತ್ ಎಳೆದಿದ್ದ. ಅಂದು ಯಾರೂ ಐಲೆಯನ್ನು ಕೇಳಿರಲಿಲ್ಲ, ಅವಳೂ ಏನೂ ಹೇಳಿರಲಿಲ್ಲ. ಯಾರ ಹಿಂದೆ ಕೂತು ಹೋದಳೆಂಬುದೂ ನೆನಪಿರಲಿಲ್ಲ.

ಅವಳು ಸೀಟನ್ನು ಮತ್ತೆ ಕೂರಿಸಿ, ಕಾಲು ಹಾಕಿ ಅದರ ಮೇಲೆ ಕೂತಳು.

*

ಪೆಟ್ಟಿಗೆ ಮುಂದೆ, ಅದರ ಹಿಂದೆ ತಮ್ಮ, ಅವನ ಹಿಂದೆ ಉಳಿದವರು. ಪೆಟ್ಟಿಗೆಯನ್ನು ದಾಟಿ ಯಾರೂ ಹೋಗುವಂತಿಲ್ಲ. ಎಲ್ಲರೂ ನಡಿಗೆಯ ವೇಗದಲ್ಲಿ ಸರೋವರಕ್ಕಿಳಿದರು.

ಶವಗಳು ಹೋಗುವ ದಾರಿ ನೇರ: ಸರೋವರದ ನಟ್ಟನಡುವೆ, ಆಚೆ ದಡದ ಚರ್ಚಿನ ಗೋಪುರಕ್ಕೆ ಮುಖಮಾಡಿ. ಆದರೆ ವಾರವಿಡೀ ಬೀಸಿದ ಗಾಳಿ ನಡುವಿನ ಹಿಮವನ್ನೆಲ್ಲ ಗುಡಿಸಿಹಾಕಿತ್ತು. ಮಂಜುಗಡ್ಡೆ ಗಾಜಿನಂತೆ ಬೋಳಾಗಿ ಹೊಳೆಯುತ್ತಿತ್ತು. ಈ ಸ್ಕೂಟರುಗಳ ರೇಡಿಯೇಟರಿಗೆ ಗಾಳಿ ಸಾಲದು. ಚಕ್ರದ ಬದಲು ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟೆ ಅದಕ್ಕೆ ಹಿಮವನ್ನು ಎರಚಬೇಕು, ಆಗಲೇ ಅದು ತಣಿಯುವುದು.

ಐಲೆ ಹ್ಯಾಂಡಲ್ ತಿರುಗಿಸಿ ದಡದಂಚಿನ ಸುತ್ತುದಾರಿ ಹಿಡಿದಳು. ಅಲ್ಲಿ ಮೊಣಕಾಲುದ್ದ ಸಡಿಲ ಹಿಮವಿತ್ತು.

ಹಿಂದಿನಿಂದ ಕ್ಲೆಮೆತ್ ಕೂಗಿದ. "ದಾರಿ ಇತ್ತ! ಯಾವೂರಿಗೆ ಕರ್ಕೊಂಡು ಹೋಗ್ತೀಯ ಅವಳನ್ನ?"

ಅವಳು ತಿರುಗಿ ನೋಡಲಿಲ್ಲ. ಪಟ್ಟೆ ಎರಚಿದ ಹಿಮ ರೇಡಿಯೇಟರಿಗೆ ಬಡಿಯಿತು. ಸಿಡಿದು ಉಳಿದದ್ದು ಪೆಟ್ಟಿಗೆಯ ಮುಚ್ಚಳದ ಮೇಲೆ ಸಣ್ಣಗೆ ಉದುರುತ್ತ ಬಂತು.

ಕ್ಲೆಮೆತ್ ನೇರ ದಾರಿ ಬಿಡಲಿಲ್ಲ. ಉಳಿದವರು ಒಂದು ಕ್ಷಣ ಅನುಮಾನಿಸಿದರು. ಮೊದಲು ತಿರುಗಿದ್ದು ಕಿರ್ಸ್ತಿಯ ಸ್ಕೂಟರ್. ಆಮೇಲೆ ಒಂದರ ಹಿಂದೆ ಒಂದು ಇಡೀ ಸಾಲೇ ಬಾಗಿ ದಡದತ್ತ ಹರಿಯಿತು.

ನೇರ ದಾರಿ ಹತ್ತಿರದ್ದು. ಪೆಟ್ಟಿಗೆಗಿಂತ ಮುಂದೆ ಹೋಗುವಂತಿಲ್ಲವಾದ್ದರಿಂದ ಕ್ಲೆಮೆತ್ ತೆವಳಿದ, ಕಾದ, ಮತ್ತೆ ತೆವಳಿದ. ಬೋಳು ಗಡ್ಡೆಯ ನಡುವೆ ಅವನ ಹೊಸ ಸ್ಕೂಟರಿನ ಎಂಜಿನ್ ಕಾದಿದೆಯೆಂಬ ಕೆಂಪು ದೀಪ ಹತ್ತಿಕೊಂಡಿತು. ಬಾನೆಟ್ಟಿನ ಸಂದಿನಿಂದ ಆವಿ ಎದ್ದಿತು.

ಪೆಟ್ಟಿಗೆ ಚರ್ಚಿನ ಕೆಳಗಿನ ದಿಬ್ಬ ಏರುವಾಗ ಸಾಲಿನಲ್ಲಿದ್ದವರೆಲ್ಲ ಸರೋವರದ ಕಡೆ ನೋಡಿದರು. ಕ್ಲೆಮೆತ್ ಸ್ಕೂಟರ್ ಬಿಟ್ಟಿಳಿದು, ತಲೆಯ ಮೇಲಿನ ಟೋಪಿ ತೆಗೆದು ನಿಂತಿದ್ದ. ಅಕ್ಕನಿಗೆ ಗೌರವವೆಂದು ಕೆಲವರು ತಾವೂ ಟೋಪಿ ತೆಗೆದರು. ಅವನು ಬಗ್ಗಿ, ಗಡ್ಡೆಯ ಬಿರುಕುಗಳಲ್ಲಿ ಉಳಿದಿದ್ದ ಹಿಮವನ್ನು ಕೆರೆದು ಕೆರೆದು ಟೋಪಿಗೆ ತುಂಬಿಕೊಳ್ಳುತ್ತಿದ್ದ.