ಮನೆಗೊಂದು ಬತಾ, ದಾರಿಗೊಂದು

ಬಿಷ್ಕೆಕ್ ನಗರದ ಉತ್ತರದ ಅಂಚಿಗೆ, ಹೊಸ ಬಡಾವಣೆಯ ಕೊನೆಯ ಓಣಿಗೆ ಬಾಡಿಗೆ ಮನೆ ನೋಡಲು ಬಂದ ಬುರುಲ್, ಹೊಸಿಲು ದಾಟುವ ಮೊದಲೇ ಈ ಮನೆ ಬೇಡವೆಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಮನೆಯಲ್ಲಿ ದೋಷವೇನೂ ಇರಲಿಲ್ಲ. ಗೋಡೆಗೆ ಸುಣ್ಣ ಬಳಿದಿದ್ದರು, ಅಂಗಳದಲ್ಲಿ ಎಲೆ ಉದುರಿದ ಜರ್ದಾಳು ಮರವಿತ್ತು, ಒಲೆ ಚೆನ್ನಾಗಿ ಉರಿಯುತ್ತಿತ್ತು. ದೋಷವೆಲ್ಲ ದಾರಿಯಲ್ಲಿತ್ತು. ಬಸ್ಸಿಳಿದ ಮೇಲೆ ಕಾಲುವೆಯ ದಂಡೆ ಹಿಡಿದು ಬಲು ದೂರ ನಡೆಯಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಅರ್ಧಕ್ಕೆ ನಿಂತ ಮನೆಗಳು. ಆ ಉದ್ದಕ್ಕೂ ಒಂದೇ ಒಂದು ದೀಪದ ಕಂಬವಿಲ್ಲ.

ಅವಳು ದುಡಿಯುವ ಹೊಲಿಗೆ ಕಾರ್ಖಾನೆ ಊರಿನ ಇನ್ನೊಂದು ತುದಿಗೆ, ಎರಡು ಬಸ್ಸಿನ ದಾರಿ. ದಾದಿಯ ಕೆಲಸ ಕಲಿಯುತ್ತಿದ್ದ ಮಗಳು ಚಿನಾರಳಿಗೆ ಪಾಠ ಮುಗಿಯುವುದು ಹೊತ್ತು ಮುಳುಗಿದ ಮೇಲೆ. ಗಂಡ ಎಸೆನ್ ಸಂತೆಯಲ್ಲಿ ಮೂಟೆ ಹೊರುವವನು. ಅವನಿಗೆ ಮಾತ್ರ ಈ ಮನೆಯಿಂದ ಸಂತೆ ಕೂಗಳತೆ.

ಇದನ್ನೆಲ್ಲ ಅವಳು ಬೆಳಿಗ್ಗೆಯೇ ಗಂಡನಿಗೆ ಹೇಳಿದ್ದಳು. "ಕಾರ್ಖಾನೆ ಹಿಂದೆ ಎರಡು ಕೋಣೆ ಖಾಲಿ ಇದೆ. ಮೊದಲು ಅದನ್ನ ನೋಡೋಣ."

"ಅದು ಮನೆಯಲ್ಲ ಕಣೇ, ಪಾರಿವಾಳದ ಗೂಡು. ನಮ್ಮಪ್ಪ ಎಲ್ಲಿ ಕೂತ್ಕೋಬೇಕು? ಕಿಟಕಿ ಮೇಲಾ?"

"ಅಪ್ಪ ಕೂತ್ಕೊಳ್ಳೋದನ್ನೇ ನೋಡ್ತೀಯಲ್ಲ, ಮಗಳು ನಡೆದು ಬರೋದನ್ನ ನೋಡು."

"ಇವತ್ತು ಇದು, ನಾಳೆ ಅದು. ಎರಡನ್ನೂ ನೋಡಿ ತೂಗಿದರಾಯ್ತು. ನೋಡೋಕೇನು ಸುಂಕವೇ?"

ನಾರಿನ್ ಕಣಿವೆ ಬಿಟ್ಟು ಬಂದಾಗಿನಿಂದ ಅವರು ಎಸೆನ್‌ನ ಅಕ್ಕನ ಮನೆಯಲ್ಲಿದ್ದರು. ವಸಂತಕ್ಕೆ ಅಲ್ಲಿಗೆ ಸೊಸೆ ಬರುವವಳಿದ್ದಳು; ಅಷ್ಟರೊಳಗೆ ಜಾಗ ಬಿಡಬೇಕಿತ್ತು.

ಮನೆಯೊಡೆಯ ಜಪಾರ್ ಕೂಡ ನಾರಿನ್ ಕಡೆಯವನೇ. ಬುರುಲ್‌ಳ ಮಾವ, ಹಿರಿಯನೆಂದು ಎಲ್ಲರೂ ಅತಾ, ಅಂದರೆ ಅಪ್ಪ, ಎನ್ನುವ ಮುಕಾಯ್‌ನನ್ನು ಕಂಡದ್ದೇ ಎರಡೂ ಕೈಯಲ್ಲಿ ಅವನ ಕೈ ಹಿಡಿದು, ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿದ. ನೆಲದ ಮೇಲೆ ಬಟ್ಟೆ ಹಾಸಿದರು. ಕರಿದ ಹಿಟ್ಟಿನ ತುಣುಕು, ಕೆನೆ, ಜರ್ದಾಳಿನ ಪಾಕ, ಹಾಲು ಬೆರೆಸಿದ ಚಹಾ ಬಂದವು. ಇಬ್ಬರು ಮುದುಕರೂ ಏಳು ತಲೆಮಾರಿನ ಹೆಸರು ಹೇಳಿಕೊಂಡು, ನಾಲ್ಕನೆಯದರಲ್ಲಿ ನಂಟು ಕಂಡುಹಿಡಿದರು.

ಬುರುಲ್ ಬಾಗಿಲ ಬಳಿ ಕೂತು, ಸಂದು ಸಿಕ್ಕಾಗ ಕೇಳಿದಳು. "ಓಣಿಗೆ ದೀಪ ಯಾವಾಗ ಬರುತ್ತೆ, ಅಕ್ಕಾ?"

"ಮುಂದಿನ ವರ್ಷ ಹಾಕ್ತಾರಂತೆ" ಎಂದಳು ಜಪಾರನ ಹೆಂಡತಿ. "ಹೋದ ವರ್ಷವೂ ಹಂಗೇ ಅಂದಿದ್ರು."

"ಕೊನೇ ಬಸ್ಸು?"

"ಡ್ರೈವರ್ ಮನಸ್ಸು ಬಂದ್ರೆ ಇಲ್ಲೀತಂಕ ಬರ್ತಾನೆ. ಇಲ್ಲಾಂದ್ರೆ ಪೆಟ್ರೋಲ್ ಬಂಕ್ ಹತ್ರವೇ ಎಲ್ಲರನ್ನೂ ಇಳಿಸ್ತಾನೆ."

ಬುರುಲ್ ಎಸೆನ್‌ನ ಮುಖ ನೋಡಿದಳು. ಎಸೆನ್ ಕೆನೆಯ ಬಟ್ಟಲು ನೋಡುತ್ತಿದ್ದ.

ಊಟ ಮುಗಿದು ಬಟ್ಟೆ ಮಡಿಸುವ ಮುಂಚೆ ಹಿರಿಯನೊಬ್ಬ ಅಂಗೈ ಎತ್ತಿ ಬತಾ ಕೊಡಬೇಕು. ಉಂಡ ರೊಟ್ಟಿಗೆ ಎರಡು ಮಾತಿನ ಹರಸುವಿಕೆ ಸಾಕು. ಆದರೆ ಮುಕಾಯ್ ಅತಾ ಬತಾ ಕೊಟ್ಟರೆ ಕೇಳಲೆಂದೇ ಕಣಿವೆಯ ಜನ ಕುದುರೆ ಏರಿ ಬರುತ್ತಿದ್ದ ಕಾಲವೊಂದಿತ್ತು. ಪಟ್ಟಣಕ್ಕೆ ಬಂದ ಮೇಲೆ ಅವನನ್ನು ಯಾರೂ ಕೇಳಿರಲಿಲ್ಲ. ಈಗ ಜಪಾರ್ "ಹಿರಿಯರೇ, ಒಂದು ಬತಾ" ಎಂದದ್ದೇ ಮುದುಕನ ಬೆನ್ನು ನೆಟ್ಟಗಾಯಿತು.

"ಒಲೆಯ ಹೊಗೆ ಮುಗಿಲ ಮುಟ್ಟಲಿ,
ಬಲದ ಕಾಲಿಟ್ಟು ಮಗ ಈ ಹೊಸಿಲ ಮೆಟ್ಟಲಿ,
ಕಲ್ಲಿಗೆ ಕಲ್ಲು ಕೂಡಿ ಸಂಸಾರ ಕಟ್ಟಲಿ,
ಎಲ್ಲ ನನ್ನವರಿಗೂ ಇಲ್ಲೇ ರೊಟ್ಟಿಯ ಋಣ ಹುಟ್ಟಲಿ!
ಆಮೀನ್!"

ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಬುರುಲ್ ಕೂಡ ಸವರಿಕೊಂಡಳು. ಹುಟ್ಟಿದಾಗಿನ ಅಭ್ಯಾಸ, ಕೈ ತಾನೇ ಏಳುತ್ತದೆ. ಬೆರಳು ಗದ್ದಕ್ಕೆ ಇಳಿಯುವಾಗ ಅವಳಿಗೆ ಅರ್ಥವಾಯಿತು: ಮುದುಕ ಹರಸಿದ್ದು ರೊಟ್ಟಿಯನ್ನಲ್ಲ, ಈ ಮನೆಯಲ್ಲಿ ತಮ್ಮ ಬಾಳುವೆಯನ್ನು.

"ಬತಾ ಬಿತ್ತು!" ಎಂದು ಜಪಾರ್ ತೊಡೆ ತಟ್ಟಿದ. "ಇನ್ನು ಮಾತೇನಿದೆ? ಮನೆ ನಿಮ್ಮದೇ."

ಹೊರಟಾಗ ಕತ್ತಲಿಳಿಯುತ್ತಿತ್ತು. ಕಲ್ಲಿದ್ದಲಿನ ಹೊಗೆ ಓಣಿಯ ಮೇಲೆ ಕವುಚಿಕೊಂಡಿತ್ತು. ಮಾವ ಮುಂದೆ, ಗಂಡ ಹೆಂಡತಿ ಹಿಂದೆ.

"ತೂಗಿ ನೋಡೋಣ ಅಂದೆಯಲ್ಲ. ಎಲ್ಲಿ ನಿನ್ನ ತಕ್ಕಡಿ?" ಎಂದಳು ಬುರುಲ್, ದನಿ ತಗ್ಗಿಸಿ.

"ನಾನೇನು ಮಾಡ್ಲೇ? ಕೊಟ್ಟ ಬತಾ ನುಂಗಪ್ಪಾ ಅಂತ ಅಪ್ಪನಿಗೆ ಹೇಳ್ಲಾ?"

"ಮತ್ತೆ ನಾನು ಕೆಲಸ ಬಿಡ್ಲಾ? ಚಿನಾರ ಕಲಿಯೋದು ಬಿಡ್ಬೇಕಾ? ಅದನ್ನಾದರೂ ಬಾಯಿಬಿಟ್ಟು ಹೇಳು."

"ನಾನೇ ದಿನಾ ಬಸ್ಸಿನ ಹತ್ರ ಬಂದು ನಿಲ್ತೀನಿ."

"ಮೂಟೆ ಹೊತ್ತು ಬಂದು ಕೂತಲ್ಲೇ ಗೊರಕೆ ಹೊಡೀತೀಯ. ನೀನು ಬಂದು ನಿಲ್ತೀಯ!"

ಅರ್ಧ ಕಟ್ಟಿದ ಮನೆಯೊಂದರಿಂದ ನಾಯಿಗಳು ನುಗ್ಗಿ ಬಂದವು. ಎಸೆನ್ ಹೆಂಟೆ ಬೀಸಿದ. ಹಿಂದೆ ಸರಿದ ಮುದುಕನ ಬೂಟು ಮಂಜುಗಡ್ಡೆಯ ಮೇಲೆ ಜಾರಿ, ಒಂದು ಕಾಲು ಕಾಲುವೆಯತ್ತ ಹೋಯಿತು. ಬುರುಲ್ ಕಂಕುಳಿಗೆ ಕೈಹಾಕಿ ಹಿಡಿಯದಿದ್ದರೆ ನೀರಿಗೇ ಬೀಳುತ್ತಿದ್ದ. ಅವನು ಏದುಸಿರು ಬಿಡುತ್ತ ಅವಳ ತೋಳನ್ನು ಬಿಡದೆ ನಡೆದ.

ಬಸ್ಸಿನ ಜಾಗದಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಬಸ್ಸು ಬಂತು, ತುಂಬಿತ್ತು, ನಿಲ್ಲದೆ ಹೋಯಿತು.

ಇಷ್ಟು ವರ್ಷ ಬುರುಲ್ ಮಾವನ ಹೆಸರು ಬಾಯಿಗೆ ತಂದವಳಲ್ಲ, ಎದುರು ನಿಂತು ಒಂದು ಮಾತಾಡಿದವಳಲ್ಲ. ಈಗ ತಲೆವಸ್ತ್ರ ಸರಿಮಾಡಿಕೊಂಡು ಅವನ ಮುಂದೆ ಬಂದು ನಿಂತಳು.

"ಅತಾ, ಮನೆಗೆ ಬತಾ ಕೊಟ್ರಿ. ಈ ದಾರಿಗೂ ಒಂದು ಕೊಡಿ. ದಿನಾ ನಾನು, ನಿಮ್ಮ ಮೊಮ್ಮಗಳು ಇದರಲ್ಲೇ ಬರಬೇಕಲ್ಲ."

ಎಸೆನ್ ಅವಳ ಕೋಟಿನ ತುದಿ ಎಳೆದ. ಮುದುಕ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅಂಗೈ ಎತ್ತಿದ. "ಈ ದಾರಿ..." ಎಂದು ಶುರುಮಾಡಿ ನಿಲ್ಲಿಸಿದ. ಮತ್ತೆ, "ಈ ದಾರಿಯಲಿ ನಡೆವ ಮಗಳು..." ಎಂದ. ಬೇಡದೆಯೂ ಹೊಳೆಯಾಗಿ ಹರಿಯುತ್ತಿದ್ದ ಪದ ಒಂದೂ ಮುಂದೆ ಬರಲಿಲ್ಲ. ದೇವರ ಮುಂದೆ ಎತ್ತಿದ ಕೈ. ಅದರಲ್ಲಿ ತಾನು ನಂಬದ್ದನ್ನು ಅವನು ಎಂದೂ ಇಟ್ಟವನಲ್ಲ. ಕೊನೆಗೆ ಮುಖ ಸವರಿಕೊಳ್ಳದೆಯೇ ಕೈ ಇಳಿಸಿದ.

"ಬರ್ತಿಲ್ಲ ಮಗಳೇ" ಎಂದ. ಆಮೇಲೆ ಮಗನ ಕಡೆ ತಿರುಗಿ, "ಜಪಾರನಿಗೆ ನಾವು ಬರಲ್ಲ ಅಂತ ಹೇಳು. ನನ್ನ ಬತಾ ಅವನ ಮನೇಲೇ ಇರಲಿ. ಯಾರು ಬರ್ತಾರೋ ಅವರಿಗೆ ಆಗುತ್ತೆ."

"ಅಪ್ಪಾ, ಆಮೀನ್ ಅಂದಾಗಿದೆ! ಊರೆಲ್ಲ ನಗುತ್ತೆ."

"ಅಂದವನು ನಾನು. ದೇವರ ಹತ್ರ ನಾನು ಮಾತಾಡ್ಕೋತೀನಿ. ನಗೋರ ಹತ್ರ ನೀನು ಮಾತಾಡು."

ಬುರುಲ್‌ಗೆ ಹಗುರವೆನಿಸಬೇಕಿತ್ತು. ಎನಿಸಲಿಲ್ಲ, ಸಿಟ್ಟೇ ಬಂತು. ಬೆಳಿಗ್ಗೆಯಿಂದ ಅವಳು ಹೇಳಿದ್ದೂ ಇದನ್ನೇ. ಅವಳ ಮಾತು ಕಿವಿಗೆ ಬೀಳಲು ಒಬ್ಬ ಮುದುಕ ಜಾರಬೇಕಾಯಿತು.

"ಸರಿ, ನಾಳೆ ನಿನ್ನ ಆ ಗೂಡನ್ನೇ ನೋಡೋಣ ಬಿಡು" ಎಂದ ಎಸೆನ್, ರಾಜಿಯ ದನಿಯಲ್ಲಿ.

"ನಾಳೆ ನನಗೆ ಕೆಲಸ ಇದೆ. ನೀನೇ ಹೋಗಿ ನೋಡ್ಕೊಂಡು ಬಾ" ಎಂದಳು. "ಬಸ್ಸಲ್ಲೇ ಹೋಗು. ಕತ್ತಲಾದ ಮೇಲೆ ಹೋಗು. ಇಳಿದ ಮೇಲೆ ಒಬ್ಬನೇ ನಡಿ."

ಅಷ್ಟರಲ್ಲಿ ಬಸ್ಸೊಂದು ನಿಂತಿತು. ಅದೂ ತುಂಬಿತ್ತು. ಇಬ್ಬರೂ ಸೇರಿ ಮುದುಕನನ್ನು ಜನರ ನಡುವೆ ಒಳಗೆ ತಳ್ಳಿದರು.