ಹೊರಸಿನ ಕೆಳಗಿನ ಸೀಸೆಗಳು

ಎರಡನೆಯ ಸೀಸೆಯೂ ಒಡೆದಾಗ ನಾಗವ್ವ ನೀರಿನ ಕೊಡವನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ನುಗ್ಗಿದಳು. ಗಾಜಿನ ಚೂರೊಂದು ಬಡಿದು ಗೋಡೆಯ ಸುಣ್ಣ ಕಿತ್ತುಬಂದಿತ್ತು. ಶುಂಠಿಯ ಘಾಟು ಕೋಣೆಯನ್ನೆಲ್ಲ ತುಂಬಿತ್ತು. ಮೂಲೆಯ ಹೊರಸಿನ ಮೇಲೆ ಅತ್ತೆ ಕಲ್ಲವ್ವ ಗೋಡೆಗೊರಗಿ ಕಿವಿಗೊಟ್ಟು ಕೂತಿದ್ದಳು. ಕಣ್ಣು ಹೋಗಿ ಎರಡು ವರ್ಷ, ಸೊಂಟ ಮುರಿದು ಆರು ತಿಂಗಳು. ಉಳಿದ ಹತ್ತು ಸೀಸೆಗಳು ಅವಳ ಕೆಳಗೇ ಸಾಲಾಗಿ ನಿಂತಿದ್ದವು.

ಅಲ್ಲಿ ಇಟ್ಟವಳು ನಾಗವ್ವನೇ. ಪುಣೆಯ ಮೇ ತಿಂಗಳ ಬಿಸಿಲಿಗೆ ಭವಾನಿ ಪೇಟೆಯ ಆ ಒಂದೇ ಕೋಣೆಯ ಮನೆಯಲ್ಲಿ ತಂಪು ಅಂತ ಇದ್ದದ್ದು ಹೊರಸಿನ ಕೆಳಗೆ ಮಾತ್ರ. ದಂಡಿನ ಕ್ಯಾಂಪಿನ ದೊರೆಸಾನಿಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದು ಕಲಿತ ಶುಂಠಿ ಬೀರು ಅದು. ಹುಳಿಬಂದ ಶುಂಠಿ ನೀರಿಗೆ ಸೀಸೆಗೊಂದು ಚಮಚ ಸಕ್ಕರೆ, ಬಾಯಿಗೆ ಬಿರಡೆ, ಬಿರಡೆಯ ಮೇಲೆ ಬಿಗಿಯಾಗಿ ಸುತಳಿ. ಮೂರು ದಿನದಲ್ಲಿ ಒಳಗೆ ಗಾಳಿ ಹುಟ್ಟುತ್ತದೆ, ಬಿಚ್ಚಿದರೆ ನೊರೆ ಉಕ್ಕುತ್ತದೆ; ಸಕ್ಕರೆ ಹೆಚ್ಚಾದರೆ ಗಾಳಿಯೂ ಹೆಚ್ಚಿ ಸೀಸೆಯೇ ಸೀಳುತ್ತದೆ. ಯುದ್ಧಕಾಲದ ರೇಶನ್ ಸಕ್ಕರೆಯಾದ್ದರಿಂದ ಅವಳು ಕೈ ಬಿಗಿಹಿಡಿದೇ ಹಾಕಿದ್ದಳು. ಇಷ್ಟು ದಿನ ಒಂದು ಸೀಸೆಯೂ ಸೀಳಿರಲಿಲ್ಲ.

"ಅತ್ತೀ, ಅಲುಗಾಡಬ್ಯಾಡ್ರಿ! ನಾ ಬಂದು ಎತ್ತತೀನಿ."

"ಬರಬ್ಯಾಡ. ಹೊರಸು ಅಲುಗಿದ್ರ ಬಾಟ್ಲಿ ಒಂದಕ್ಕೊಂದು ಬಡೀತಾವ. ಯಾಕ ಒಡ್ಯಾಕತ್ತಾವು, ಅದನ್ನ ಹೇಳು."

"ಗೊತ್ತಿಲ್ರಿ. ಒಂದೊಂದ ಚಮಚ ಸಕ್ಕರಿ ಹಾಕಿದ್ದೆ."

ಕಲ್ಲವ್ವನ ಮುಖ ಬಿಳಿಚಿಕೊಂಡಿತು. "ಯವ್ವಾ, ಮೊನ್ನಿ ಬಿರಡಿ ಹಾಕೂ ಮೊದಲ ನೀ ನಳಕ್ಕ ಹ್ವಾದಾಗ ನಾನೂ ಒಂದೊಂದ ಹಾಕೀನಿ. ಅಳತಿ ಮ್ಯಾಲೆ ಕೊಸರು ಹಾಕದಿದ್ರ ಹೆಂಗ ಅಂತ..."

ಗದಗಿನ ಸಂತೆಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಅಳೆದ ಕೈ ಅದು. ಒಂದು ಹಿಡಿ ಹೆಚ್ಚಿಗೆ ಹಾಕದೆ ಯಾವ ಗಿರಾಕಿಯನ್ನೂ ಕಳಿಸಿದ್ದಲ್ಲ. ನಾಗವ್ವನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಸಿನ ಕೆಳಗೆ ಯಾವುದೋ ಬಿರಡೆ ಸಣ್ಣಗೆ ಸುಯ್ಗುಟ್ಟಿತು.

"ಕಾಯ್ ಝಾಲಂ ಗ?" ಏನಾಯಿತೆಂದು ಕೇಳುತ್ತ ಪಕ್ಕದ ಮನೆಯ ರಾಧಾಬಾಯಿ ಬಾಗಿಲಿಗೆ ಬಂದಳು. ನಾಗವ್ವ ಅವಳನ್ನು ಮರಾಠಿಯಲ್ಲೇ ಗದರಿಸಿ ಹಿಂದಕ್ಕೆ ಅಟ್ಟಿದಳು. ಆಮೇಲೆ ಗೂಟದ ಮೇಲಿನ ಕೌದಿ ಎಳೆದು ಹೊರಸಿನತ್ತ ಎಸೆದಳು.

"ಮೈತುಂಬ ಹೊತ್ಕೊಳ್ರಿ!"

ಕಲ್ಲವ್ವ ಹೊತ್ತುಕೊಳ್ಳಲಿಲ್ಲ. ನರಳುತ್ತ ಮಗ್ಗುಲಿಗೆ ಹೊರಳಿ, ಕೌದಿಯನ್ನು ಅಂಚಿನಿಂದ ಸೀಸೆಗಳ ಮೇಲೆ ಇಳಿಬಿಟ್ಟು, ಕೈಯನ್ನು ಅದರಡಿ ತೂರಿಸಿದಳು.

"ಏನ ಮಾಡಾಕತ್ತೀರಿ? ಕೈ ಹೋದೀತ್ರಿ!"

"ಸುತಳಿ ಬಿಚ್ಚತೀನಿ. ನೀ ಆದ್ರ ಬಗ್ಗಿ ನೋಡಬೇಕಾಗತದ, ಚೂರು ಕಣ್ಣಿಗೆ ಬಡದೀತು. ನನಗ ನೋಡೂದ ಬೇಕಿಲ್ಲಲ್ಲ."

ಕೌದಿಯ ಕೆಳಗೆ ಬೆರಳುಗಳು ಗಂಟು ಹುಡುಕಿದವು. ಢಪ್ಪೆಂದಿತು. ಕೌದಿ ಒಮ್ಮೆ ಉಬ್ಬಿ ಇಳಿಯಿತು, ನೊರೆ ನೆಲಕ್ಕೆ ಹರಿಯಿತು. ಇನ್ನೊಂದು ಢಪ್. ಮೂರನೆಯದು ಕೈಯಲ್ಲೇ ಒಡೆಯಿತು. ಈ ಸಲ ಹರಿದ ನೊರೆ ಕೆಂಪಾಗಿತ್ತು.

"ಸಾಕ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳತೀನಿ!"

"ಸಾಕಂದ್ರ ಅವು ಕೇಳತಾವೇನ? ಬಾಟ್ಲಿ ಜಾರಾಕತ್ತಾವ, ಅಷ್ಟ." ಮುದುಕಿಯ ಕೈ ಹೊರಗೆ ಬರಲಿಲ್ಲ.

ನಾಗವ್ವನಿಗೆ ಓಡಿಹೋಗಬೇಕು ಅನ್ನಿಸಿತು, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಚೂರುಗಳ ನಡುವೆ ಹೆಜ್ಜೆ ಹುಡುಕಿಕೊಂಡು ಹೋಗಿ ಮೊಳಕಾಲೂರಿ ಕೂತು, ಕೌದಿಯ ಮೇಲಿಂದಲೇ ಒಂದು ಸೀಸೆಯನ್ನು ಎರಡೂ ಕೈಯಿಂದ ಅವುಚಿ ಹಿಡಿದಳು.

"ಬಂದೆಲ್ಲ, ಹುಚ್ಚಿ," ಎಂದಳು ಕಲ್ಲವ್ವ. "ಮಾರಿ ಆ ಕಡೆ ತಿರುಗಿಸು. ಕಣ್ಣ ಮುಚ್ಚು. ಗಟ್ಟಿ ಮುಚ್ಚು."

ನಾಗವ್ವ ಮುಚ್ಚಿದಳು. ಒಬ್ಬಳು ಹಿಡಿದಳು, ಒಬ್ಬಳು ಬಿಚ್ಚಿದಳು. ಪ್ರತಿ ಢಪ್ಪಿಗೂ ಇಬ್ಬರ ಉಸಿರೂ ಒಟ್ಟಿಗೇ ನಿಂತು ಒಟ್ಟಿಗೇ ಹೊರಟಿತು. ಕೊನೆಯದರ ಗಂಟು ನೆನೆದು ಬಿಗಿದಿತ್ತು. ಕಲ್ಲವ್ವ ಉಗುರಿನಿಂದ ಅದನ್ನು ಕೆರೆಯುವ ಸದ್ದು ನಾಗವ್ವನಿಗೆ ಬಹಳ ಹೊತ್ತು ಕೇಳಿಸಿತು. ಕೊನೆಗೆ ಅದೂ ಬಿಚ್ಚಿಕೊಂಡಿತು.

"ಇನ್ನ ಎಷ್ಟು ಅದಾವ?"

"ಮುಗದ್ವುರಿ."

ಕೌದಿಯ ಕೆಳಗಿನಿಂದ ಕೈ ಹೊರಬಂತು. ನೊರೆ, ರಕ್ತ ಮೆತ್ತಿದ ಬೆರಳುಗಳು ನಾಗವ್ವನ ಗಲ್ಲ ತಡಕಿ, ಮೂಗು ದಾಟಿ, ಮೆಲ್ಲಗೆ ಒಂದು ರೆಪ್ಪೆಯನ್ನು ಒತ್ತಿ ನೋಡಿದವು. ಆಮೇಲೆ ಇನ್ನೊಂದನ್ನು. ಶುಂಠಿಯ ನೀರು ಕಣ್ಣೊಳಗಿಳಿದು ಉರಿಯಿತು. ನಾಗವ್ವ ಮುಖ ತಿರುಗಿಸಲಿಲ್ಲ.