ಎರಡು ಬಡಿತ, ಆಮೇಲೊಂದು

ಬಾಗಿಲ ಕೆಳಗೆ ಬೆರಳಗಲದ ಬೆಳಕು, ಅದರಲ್ಲಿ ಯಾರದೋ ಬೂಟುಗಳು ಬಂದು ನಿಂತವು, ಹೋದವು, ಹೋಗಲಿ, ನಾನಿನ್ನೂ ಬಡಿದೇ ಇಲ್ಲವಲ್ಲ, ಒಂದು ಗಳಿಗೆ ಕೂರೋಣ ಅಂತಲೇ ಅತ್ತೆಯ ಕಣ್ಣು ತಪ್ಪಿಸಿ ಒಳಗೆ ನುಗ್ಗಿದ್ದು, ಬೆಳಗಿನಿಂದ ನಿಂತು ನಿಂತು ಕಾಲು ಬಿದ್ದುಹೋಗಿದೆ, ಕಲೆಯಂತೆ ಕಲೆ, ಚೌಕದ ನಡುವೆ ಸಾಲಾಗಿ ನಿಲ್ಲಿಸಿದ ಮರದ ಪೆಟ್ಟಿಗೆಗಳು, ಒಬ್ಬೊಬ್ಬರೇ ಒಳಗೆ ಹೋಗಬೇಕು, ಚಿಲಕ ಹೊರಗೆ ಮಾತ್ರ, ಒಳಗಿನಿಂದ ಬಡಿಯಬೇಕು, ದಾರಿಹೋಕರು ಯಾರಾದರೂ ಮನಸ್ಸು ಮಾಡಿ ತೆಗೆಯಬೇಕು, ಸರ್ಕಾರದವರು ಗುಟ್ಟಾಗಿ ಹಿಡಿದಿಟ್ಟಿರುವವರ ಪಾಡು ಜನಕ್ಕೆ ಗೊತ್ತಾಗಲಿ ಅಂತ, ಕಲಾವಿದೆ ಒಳ್ಳೆಯ ಹುಡುಗಿಯೇ, ಮನೆತನಕ ಬಂದು ಕರೆದಳು, ನೀವಿಬ್ಬರೂ ಬರಲೇಬೇಕು ಅಂದಳು — ಬಂದದ್ದೇ ತಪ್ಪಾಯಿತು, ಅತ್ತೆಗೆ ಕಲೆಯೂ ಇಲ್ಲ ಗಿಲೆಯೂ ಇಲ್ಲ, ಸದ್ದು ಕೇಳಿದರೆ ಸಾಕು ಓಡಿಹೋಗಿ ತೆಗೆಯುತ್ತಾರೆ, ಒಳಗಿನವರು ತಮ್ಮ ಫೋಟೊ ತೆಗೆದುಕೊಂಡು ಮುಗಿಸಿರುವುದಿಲ್ಲ, ಚಿಲಕ ಟಕ್, ಮುಖ ನೋಡುತ್ತಾರೆ, ಮಗನಲ್ಲ, ಮುಂದಿನ ಪೆಟ್ಟಿಗೆ, ಕಲಾವಿದೆ ಪಾಪ ಬೇಡಿಕೊಂಡಳು, ಸ್ವಲ್ಪ ತಡೀರಿ ಅಮ್ಮಾ, ಕಾಯೋದು ಅಂದ್ರೆ ಏನು ಅಂತ ಒಳಗಿರೋರಿಗೆ ಗೊತ್ತಾಗ್ಬೇಕು, ಅತ್ತೆ ಅವಳ ಮುಖವನ್ನೇ ನೋಡಿ, ಗೊತ್ತಾಗಿ ಏನಾಗ್ಬೇಕಮ್ಮ, ತೆಗೀಬಾರ್ದಾ — ಸುತ್ತ ನಿಂತವರು ಅದಕ್ಕೂ ಚಪ್ಪಾಳೆ ತಟ್ಟಿದರು, ಇದೂ ಆಟದ ಭಾಗ ಅಂದುಕೊಂಡವು ಮೂದೇವಿಗಳು, ಮನೆಗೆ ಹೋಗೋಣ ಅಂದರೆ ಅತ್ತೆ ಜಪ್ಪಯ್ಯ ಅಂದರೂ ಬರುವುದಿಲ್ಲ, ಅವರಿಗೆ ನಾನು ಸಮಾಧಾನ ಹೇಳಬೇಕು, ಈ ಹುಡುಗಿಗೂ ನಾನೇ ಹೇಳಬೇಕು, ನನಗೆ ಹೇಳುವವರು ಯಾರು, ಸಾಕಪ್ಪಾ ಸಾಕು.

ಅವತ್ತೂ ಬಾಗಿಲ ಕೆಳಗೆ ಹೀಗೇ ಬೂಟುಗಳು, ಊಟಕ್ಕೆ ಕೂತಿದ್ದೆವು, ಕರೆಗಂಟೆ ಒತ್ತಿದರು, ನಾನು ಏಳುವ ಮೊದಲೇ ಅತ್ತೆ ಹೋಗಿ ತೆಗೆದರು, ಐದೇ ನಿಮಿಷ, ಮಾತಾಡಿ ಕಳಿಸ್ತೀವಿ ಅಂದರು, ನನ್ನ ಗಂಡನಿಗೆ ಕೈ ತೊಳೆಯಲೂ ಬಿಡಲಿಲ್ಲ, ಎಂಜಲು ಕೈಯಲ್ಲೇ ಹೋದ, ಆಮೇಲೆ ಕೇಳದ ಕಚೇರಿಯಿಲ್ಲ, ಅಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ, ಎಲ್ಲಾದರೂ ಓಡಿಹೋಗಿರಬೇಕು ನೋಡಿ, ಗಂಡಸರ ವಿಷಯ ನಿಮಗೆ ಗೊತ್ತಲ್ಲ, ಮೇಲೊಂದು ನಗು ಬೇರೆ, ಮನೆಗೆ ಬಂದರೆ ಅತ್ತೆ, ನಾನೇ ತೆಗೆದೆನಲ್ಲ, ದಿನವೂ ಅದೇ ರಾಗ, ನಾನೇ ತೆಗೆದೆನಲ್ಲ, ಹೌದು ಅತ್ತೆ ತೆಗೆದಿರಿ, ತೆಗೆಯದಿದ್ದರೆ ಒದ್ದು ಬರುತ್ತಿದ್ದರು, ಎಷ್ಟು ಸಲ ಹೇಳಲಿ — ಉಸ್ಸಪ್ಪಾ, ಏನು ಸೆಕೆ, ಹೊರಡೋಣ, ಕೈ ತಾನಾಗಿಯೇ ಎದ್ದು ಬಡಿಯಿತು, ಬೆರಳ ಗೆಣ್ಣಿನಿಂದ ಎರಡು, ತಡೆದು, ಅಂಗೈಯಿಂದ ಒಂದು.

ಅಯ್ಯೋ, ಅದು ಅವನ ಬಡಿತ, ಕರೆಗಂಟೆ ಮುಟ್ಟಿದವನೇ ಅಲ್ಲ, ಎರಡು, ಆಮೇಲೊಂದು, ಅಡುಗೆಮನೆಯಿಂದ ಅತ್ತೆ, ಬಂದೆ ಕಣೋ, ಬಾಗಿಲು ಮುರೀಬೇಡ, ಆ ಚಾಳಿ ನನಗೂ ಅಂಟಿಕೊಂಡಿದ್ದು ಗೊತ್ತೇ ಇರಲಿಲ್ಲ, ಅಗೋ ಚಪ್ಪಲಿ ಸದ್ದು, ಓಡಿ ಬರುತ್ತಿದ್ದಾರೆ, ಬೆಳಕಿನಲ್ಲಿ ಎರಡು ಪಾದ, ಎಡಗಾಲಿನ ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ ಚಪ್ಪಲಿ, ಹೊಸದು ಕೊಡಿಸುತ್ತೇನೆ ಅಂದರೆ ಅವನೇ ಬಂದು ಕೊಡಿಸಲಿ ಅನ್ನುವ ಹಟ, ತೆಗೆಯಿರಿ ಅತ್ತೆ, ಕಂಡಕಂಡವರಿಗೆಲ್ಲ ತೆಗೆದಿರಿ, ನನಗೊಬ್ಬಳಿಗೆ ಆಗುವುದಿಲ್ಲವಾ, ಚಿಲಕದ ಮೇಲೆ ಕೈ ಬಿದ್ದದ್ದು ಕೇಳಿತು, ಚಿಲಕ ಸರಿಯಲಿಲ್ಲ, ಯಾಕೆ, ಯಾಕೆಂದರೆ — ತೆಗೆದರೆ ಮುಖ ಕಾಣುತ್ತದೆ, ತೆಗೆಯುವತನಕ ಒಳಗಿರುವುದು ಅವನೇ, ಅತ್ತೆ ನಾನು ಅಂತ ಒಂದು ಮಾತು ಅಂದರೆ ಮುಗಿಯಿತು, ಅಂದರೆ ಮುಗಿದೇ ಹೋಯಿತಲ್ಲ, ಬಾಯಿ ತೆರೆದೆ, ನಾನು ಅನ್ನುವ ಅಷ್ಟು ಸಣ್ಣ ಮಾತು ಹೊರಡುತ್ತಿಲ್ಲ, ಹೊರಗಿನಿಂದ ಅತ್ತೆ, ಹಲಗೆಗೆ ಬಾಯಿ ಹಚ್ಚಿದವರ ಹಾಗೆ ಮೆಲ್ಲಗೆ, ಬಂದೆ ಕಣೋ, ಮತ್ತೆ, ಬಂದೆ ಕಣೋ — ಆದರೆ ತೆಗೆಯುತ್ತಿಲ್ಲ, ನಾನು ಬಡಿಯುತ್ತಿಲ್ಲ, ಬಾಗಿಲ ಕೆಳಗೆ ಬೆರಳಗಲದ ಬೆಳಕು, ಪಿನ್ನು ಚುಚ್ಚಿದ ಚಪ್ಪಲಿ, ಎರಡು ಪಾದ, ಎರಡು ಪಾದ